ಡಾಕ್ಟರಮ್ಮನ ಹಿಮ್ಮಡಿ

ನಮ್ಮೂರು ಚಿಕ್ಕಜಾಲಕ್ಕೆ ಬರುತ್ತಿದ್ದ ದನದ ಡಾಕ್ಟರಮ್ಮನ ಮುಖ ನನಗೆ ನೆನಪಿಲ್ಲ. ಬರೆದರೆ ಅದು ನಾನು ಕಟ್ಟಿದ ಮುಖವಾಗುತ್ತದೆ. ನೆನಪಿರುವುದು ಹಿಮ್ಮಡಿ. ಯಾವ ಹಸುವಿನ ಕಾಲು ಮುಟ್ಟುವ ಮೊದಲೂ ಅವರು ಕುಕ್ಕರುಗಾಲಲ್ಲಿ ಕೂತು, ತಮ್ಮದೇ ಹಿಮ್ಮಡಿಯ ಮೇಲೆ ಚರ್ಮದಡಿ ಬಿಗಿದಿರುವ ಹುರಿಯನ್ನು ಒತ್ತಿ ನೋಡಿಕೊಳ್ಳುತ್ತಿದ್ದರು.

ಒಂದು ಸಲ ನಮ್ಮತ್ತೆಯ ಹಸು ಹಾಕಿದ ಕರುವಿನ ಮುಂಗಾಲು ಮಡಚಿಕೊಂಡೇ ಇತ್ತು. ನಿಲ್ಲಲಾಗದೆ ಅದಕ್ಕೆ ಕೆಚ್ಚಲು ಎಟುಕುತ್ತಿರಲಿಲ್ಲ.

"ಮೂಳೆ ಮುರಿದೈತಾ ಡಾಕ್ಟ್ರಮ್ಮಾ?" ಅತ್ತೆ ಕೇಳಿದರು.

"ಮೂಳೆ ಚೆನ್ನಾಗಿದೆ. ಮಾಂಸನ ಮೂಳೆಗೆ ಕಟ್ಟಿರೋ ಹುರಿ ಗಿಡ್ಡ ಆಗಿದೆ."

"ಇಂಗೇ ಎಳೆದು ನೆಟ್ಟಗೆ ಮಾಡ್ಬುಡಿ ಮತ್ತೆ."

"ನಾವು ಎಳೆಯೋದಲ್ಲ, ಅದೇ ಎಳ್ಕೋಬೇಕು."

ಹತ್ತಿ ಸುತ್ತಿದ ಕಾಲಿಗೆ ಸೀಳಿದ ಪೈಪಿನ ತುಂಡು ಕಟ್ಟಿದರು. ಕರು ಭಾರ ಊರಿದಂತೆಲ್ಲ ಹುರಿ ಹಿಗ್ಗುತ್ತದಂತೆ. ಅಲ್ಲಿಯವರೆಗೆ ಬಾಟಲಿಯ ಹಾಲು.

ಕೆಲವು ದಿನಗಳ ನಂತರ ಪೈಪು ಬಿಚ್ಚಿದಾಗ ಕರುವಿನ ಕಾಲು ನಡುಗಿತು. ಹಿಡಿಯಲು ಹೋದ ಅತ್ತೆಯ ಕೈಯನ್ನು ಡಾಕ್ಟರಮ್ಮ ತಡೆದರು.

"ಬೀಳ್ತದೆ ಕಣಮ್ಮಾ!"

"ಬಿದ್ರೆ ಏಳುತ್ತೆ, ಇರಿ."

ಕರು ಕೆಚ್ಚಲಿಗೆ ಗುದ್ದಿದ್ದು ನನಗೆ ಕೇಳಿಸಿತು, ಕಾಣಿಸಲಿಲ್ಲ. ನಾನು ನೋಡುತ್ತಿದ್ದದ್ದು ಡಾಕ್ಟರಮ್ಮನ ಕಾಲನ್ನು. ಕರುವಿನ ಜೊತೆ ಅವರೂ ತುದಿಗಾಲಲ್ಲಿ ಎದ್ದಿದ್ದರು. ಹಿಮ್ಮಡಿಯ ಹುರಿ ಬಿಗಿದು ನಿಂತಿತ್ತು.