ಮಾದರಿಯಲ್ಲಿ ಇಲ್ಲದ ಮುನಿರತ್ನಮ್ಮ

ಪಿಲ್ಲಗುಂಪೆಯ ನಮ್ಮ ಗೋದಾಮಿನಲ್ಲಿ ಡ್ರೈವರಿಲ್ಲದ ಗಾಡಿಗಳು ಸಾಮಾನು ಸಾಗಿಸುತ್ತವೆ. ಅವು ಒಂದಕ್ಕೊಂದು ಅಡ್ಡ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವವಳು ಚಂದನ. ಯಾವ ಗಾಡಿ ಯಾವಾಗ ಹೊರಡಬೇಕು, ಯಾವಾಗ ಕಾಯಬೇಕು ಎಂಬುದನ್ನು ಕಂಪ್ಯೂಟರಿನಲ್ಲಿ ಮಾದರಿಯಾಗಿ ಬರೆದು, ಅವು ಯಾವ ಯಾವ ಸರದಿಯಲ್ಲಿ ಓಡಬಹುದೋ ಅಷ್ಟನ್ನೂ ಮೊದಲೇ ಪರೀಕ್ಷಿಸುತ್ತಾಳೆ. ಅವಳ ಕೆಲಸ ಸರಿಯಾಗಿದ್ದರೆ ಏನೂ ಆಗುವುದಿಲ್ಲ; ಏನೂ ಆಗದಿದ್ದರೆ ಅವಳನ್ನು ಯಾರೂ ಕೇಳುವುದಿಲ್ಲ. ಸ್ಟೋರ್ ನೋಡಿಕೊಳ್ಳುವ ನನಗೇ ಅವಳ ಹೆಸರು ತಿಳಿಯಲು ವರ್ಷ ಹಿಡಿಯಿತು. ಹೊಸಕೋಟೆಯಲ್ಲಿ ಒಂಟಿ ರೂಮು, ಮಧ್ಯಾಹ್ನ ಮಹಡಿಯ ಆಫೀಸಿನ ಮೇಜಿನ ಮುಂದೆಯೇ ಒಬ್ಬಳ ಊಟ.

ಒಂದು ದಿನ ಊಟದ ಹೊತ್ತಿಗೆ ಎರಡು ಗಾಡಿಗಳು ಎದುರುಬದುರು ನಿಂತುಬಿಟ್ಟವು. ನೀನು ಹೋಗು ಎಂದು ಇದು, ನೀನು ಹೋಗು ಎಂದು ಅದು. ಚಂದನಳಿಗೆ ಫೋನ್ ಮಾಡಿದೆ. "ಹಾಗಾಗೋಕೆ ಸಾಧ್ಯವೇ ಇಲ್ಲ ಸರ್" ಎನ್ನುತ್ತ ಲ್ಯಾಪ್‌ಟಾಪ್ ಹಿಡಿದು ಇಳಿದು ಬಂದಳು.

ಸಾಮಾನಿನ ಸಾಲುಗಳ ನಡುವಿನ ಓಣಿಯ ತಿರುವಿನಲ್ಲಿ ಕಸ ಗುಡಿಸುವ ಮುನಿರತ್ನಮ್ಮ ಡಬ್ಬಿ ಬಿಚ್ಚಿ ಕೂತಿದ್ದರು. ಮನುಷ್ಯರು ಕಂಡರೆ ಗಾಡಿ ಪಕ್ಕದ ಓಣಿಗೆ ತಿರುಗುತ್ತದೆ. ಅಲ್ಲಿ ಅಂದಿನಿಂದ ಹೊಸದಾಗಿ ಬಿಟ್ಟ ಇನ್ನೊಂದು ಗಾಡಿ ಎದುರಿಗೆ ಬರುತ್ತಿತ್ತು.

"ಆಯಮ್ಮನ್ನ ಎಬ್ಬಿಸಿದ್ರಾಯ್ತು," ಎಂದರು ಮ್ಯಾನೇಜರು.

"ಬೇಡ ಸರ್. ಅವ್ರು ದಿನಾ ಇಲ್ಲೇ ಕೂರ್ತಾರಂತೆ. ಮಾದರೀಲಿ ಅವ್ರನ್ನ ಬಿಟ್ಟಿದ್ದು ನಾನು."

ಮಾದರಿ ತಿದ್ದುವವರೆಗೆ ದಿನಾ ಮಧ್ಯಾಹ್ನ ನಾನು ಫೋನ್ ಮಾಡುವುದು, ಅವಳು ಬಂದು ಗಾಡಿ ಬಿಡಿಸುವುದು. "ನಾನೂ ಒಬ್ಳೇ ತಿನ್ನೋದು ಕಣಮ್ಮ, ಕೂತ್ಕೋ" ಎಂದು ಮುನಿರತ್ನಮ್ಮ ಮುಚ್ಚಳಕ್ಕೆ ಬಸ್ಸಾರು ಅನ್ನ ಹಾಕುತ್ತಿದ್ದರು. ಚಂದನ ನಗುವುದನ್ನು ನಾನು ಮೊದಲು ಕೇಳಿದ್ದು ಅಲ್ಲೇ.

ಕೊನೆಗೆ ಮುನಿರತ್ನಮ್ಮನನ್ನೂ ಸೇರಿಸಿ ಪರೀಕ್ಷೆ ಮುಗಿಯಿತು. ಮರುದಿನ ಒಂದು ಗಾಡಿ ತಾನಾಗಿ ಹಿಂದೆ ಸರಿದು ಇನ್ನೊಂದಕ್ಕೆ ದಾರಿ ಬಿಟ್ಟಿತು. ಫೋನ್ ಮಾಡುವ ಕೆಲಸವೇ ಉಳಿಯಲಿಲ್ಲ.

"ಆ ಮಗು ಬರ್ಲಿಲ್ವಾ?" ಎಂದರು ಮುನಿರತ್ನಮ್ಮ. ಡಬ್ಬಿಯಲ್ಲಿ ಇಬ್ಬರ ಅನ್ನವಿತ್ತು.

"ಹೋಗಿ ಕರೀರಿ," ಎಂದೆ.

"ಆಫೀಸಿಗೆ ನಾನೆಂಗೆ ಹೋಗ್ಲಿ ಸಾರ್? ಕೆಲ್ಸ ಇರ್ತದೆ ಅದಕ್ಕೆ."

ನಾನೇ ಮಹಡಿ ಹತ್ತಿ ಇಣುಕಿದೆ. ಚಂದನ ಫೋನಿನ ಪಕ್ಕ ಡಬ್ಬಿ ಇಟ್ಟುಕೊಂಡು ಕೂತಿದ್ದಳು, ಇನ್ನೂ ಬಿಚ್ಚಿರಲಿಲ್ಲ. ಇಷ್ಟೆಲ್ಲ ಬುದ್ಧಿ ಇರುವವಳಿಗೆ ಸುಮ್ಮನೆ ಇಳಿದು ಬರಲು ಸಂಕೋಚವಂತೆ.

ಕೆಳಗೆ ಬಂದು ಫೋನ್ ಮಾಡಿದೆ. "ಗಾಡಿ ನಿಂತುಬಿಟ್ಟಿದೆಯಮ್ಮ."

"ಸಾಧ್ಯವೇ ಇಲ್ಲ ಸರ್," ಎಂದಳು. "ಬಂದೆ."

ಇಳಿದು ಬಂದಾಗ ಅವಳ ಕೈಯಲ್ಲಿ ಲ್ಯಾಪ್‌ಟಾಪ್ ಇರಲಿಲ್ಲ. ಊಟದ ಡಬ್ಬಿ ಇತ್ತು.