ಜಾಡಿ ತಾತ ಯಾವುದಕ್ಕೆ ಹೆದರಬೇಕು?

ಮೆಡಿಕಲ್ ಕಾಲೇಜಿನ ಮ್ಯೂಸಿಯಂನಲ್ಲಿ ಅಂಗಾಂಗಗಳು ಕೆಡದಂತೆ ಗಾಜಿನ ಜಾಡಿಗಳಿಗೆ ಫಾರ್ಮಲಿನ್ ತುಂಬುತ್ತ ಮೂವತ್ತು ವರ್ಷ ಸವೆಸಿದ ಅಟೆಂಡರ್ ತಾತನಿಗೆ ಆ ವಾಸನೆ ಮೈಗೇ ಅಂಟಿಹೋಗಿತ್ತು. ಗೋಡೆಯ ಮೇಲೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿ ಬಂದಾಗಿನಿಂದ ಅವರ ತಲೆ ಕೆಟ್ಟು ಕೆರ ಹಿಡಿದಿದೆ. ಸಿಕ್ಕ ಡಾಕ್ಟರನ್ನೆಲ್ಲ ನಿಲ್ಲಿಸಿ, "ಸಾರ್, ಮನೆ ಮೇಲೆ ಆಸ್ಬೆಸ್ಟಾಸ್ ಶೀಟು, ಸ್ಕೂಟರಿನ ಪೆಟ್ರೋಲಲ್ಲಿ ಬೆಂಜೀನು, ಕೈಯಲ್ಲಿ ಫಾರ್ಮಲಿನ್ನು. ಮೊದಲು ಯಾವುದಕ್ಕೆ ಹೆದರಲಿ?" ಅಂತಾರೆ. "ಮೊದಲು ಕಿಟಕಿ ತೆಗೀರಿ" ಅಂತ ಡಾಕ್ಟರು ಅಂದರೆ, ತೆಗೆದು, ಹೊರಗಿನ ಡೀಸೆಲ್ ಬಸ್ಸಿನ ಹೊಗೆ ತೋರಿಸಿ, "ಇದೂ ಪಟ್ಟೀಲಿದೆ ಸಾರ್" ಅಂತಾರೆ. ಈಗೀಗ ಮನೆಗೆ ಹೋದವರೇ ಮೂರು ಸಲ ಸೋಪು ಹಚ್ಚಿ ತಿಕ್ಕಿಕೊಂಡ ಮೇಲೇ ಮೊಮ್ಮಗಳನ್ನು ಎತ್ತಿಕೊಳ್ಳುವುದು. ನಿನ್ನೆ ಆ ಪುಟಾಣಿ ಅವರ ಕುತ್ತಿಗೆ ಮೂಸಿ, "ಇದು ನಮ್ಮ ತಾತ ಅಲ್ಲ" ಅಂತ ಕೊಸರಿಕೊಂಡು ಅಮ್ಮನ ಹತ್ತಿರ ಓಡಿತು. ಚಾಚಿದ ಕೈ ಚಾಚಿಕೊಂಡೇ ನಿಂತ ತಾತನಿಗೆ, ಸೋಪು ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯಲಿಲ್ಲ.