ಚೆಂಡಿಗೆ ಹತ್ತಿದ ಅರಗಿನ ಕೆಂಪು

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಚನ್ನಪಟ್ಟಣದ ಗಫಾರ್ ಸಾಹೇಬರ ಲೇತ್ ಕಾರ್ಖಾನೆಯಲ್ಲಿ ಹಿರಿಯ ಕೆಲಸಗಾರನಾಗಿದ್ದೆ. ನಮ್ಮದು ಉಯ್ಯಂಬಳ್ಳಿ ಕಡೆಯ ಕುರಿ ಸಾಕುವ ಮನೆ. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಕುರಿಗಳ ಹಿಂದೆ ಹೋಗಲು ಮನಸ್ಸಾಗದೆ ಬೊಂಬೆ ಕೆಲಸ ಕಲಿಯಲು ಬಂದವನು ಅಲ್ಲೇ ನಿಂತುಬಿಟ್ಟಿದ್ದೆ. ಆಗ ಎಲ್ಲಿ ನೋಡಿದರೂ ರೇಷ್ಮೆಯದೇ ಮಾತು. ರಾಗಿ ಹೊಲಗಳು ಹಿಪ್ಪುನೇರಳೆ ತೋಟಗಳಾಗುತ್ತಿದ್ದವು. ರಾಮನಗರದಲ್ಲಿ ಹುರಿ ಕಾರ್ಖಾನೆಗಳು, ಅಂದರೆ ರೇಷ್ಮೆ ಎಳೆಗಳನ್ನು ಜೋಡಿಸಿ ತಿರುವಿ ಗಟ್ಟಿ ಮಾಡುವ ಯಂತ್ರಶಾಲೆಗಳು, ಒಂದರ ಹಿಂದೆ ಒಂದು ಏಳುತ್ತಿದ್ದವು. ಅವಕ್ಕೆಲ್ಲ ಎಳೆ ಸುತ್ತುವ ಮರದ ಬಾಬಿನ್ ಬೇಕು. ಆನೆ, ಕುದುರೆ, ಬುಗುರಿ ಮಾಡುತ್ತಿದ್ದ ನಮ್ಮ ಲೇತ್‌ಗಳು ಬೆಳಗಿನಿಂದ ಸಂಜೆಯವರೆಗೆ ಬಾಬಿನ್ ಕಡೆಯುತ್ತಿದ್ದವು.

ಇಂಥ ಕಡೆಗೆ ಗಾಲ್ಫ್ ಕೋಲಿನ ರಿಪೇರಿ ಬಂದದ್ದು ಕೆಂಪಯ್ಯನಿಂದ. ಅವನು ನನ್ನಕ್ಕನನ್ನು ಕೊಟ್ಟ ಮಾಗಡಿ ಸೀಮೆಯ ಊರಿನವನು, ಸಲಿಗೆಯ ನೆಂಟ. ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಕ್ಯಾಡಿಯಾಗಿದ್ದ. ಆಟಗಾರನ ಕೋಲುಗಳ ಚೀಲ ಹೊತ್ತು ಜೊತೆಗೆ ನಡೆಯುವುದು, ಯಾವ ಹೊಡೆತಕ್ಕೆ ಯಾವ ಕೋಲು ಎಂದು ಸಲಹೆ ಕೊಡುವುದು ಕ್ಯಾಡಿಯ ಕೆಲಸ. ಕೆಂಪಯ್ಯ ಶಾಲೆ ಮೆಟ್ಟಿಲು ಹತ್ತಿದವನಲ್ಲ. ಆದರೆ ಚೆಂಡು ಬೀಳಿಸಬೇಕಾದ ಕುಳಿಯ ಸುತ್ತ ಹುಲ್ಲು ಯಾವ ಕಡೆಗೆ ಎಷ್ಟು ಇಳಿದಿದೆ ಎಂಬುದನ್ನು ಅವನಷ್ಟು ಚೆನ್ನಾಗಿ ಓದಬಲ್ಲವರು ಆ ಮೈದಾನದಲ್ಲಿ ಇರಲಿಲ್ಲ.

ಒಮ್ಮೆ ಅಲ್ಲಿ ವೃತ್ತಿಪರ ಆಟಗಾರರ ಟೂರ್ನಮೆಂಟ್ ನಡೆಯುತ್ತಿತ್ತು. ಹೆಸರಾಂತ ಆಟಗಾರನೊಬ್ಬ ಡ್ರೈವರ್ ಎತ್ತಿ ಬೀಸಿದ. ಡ್ರೈವರ್ ಎಂದರೆ ಮೊದಲ ಹೊಡೆತದ ಉದ್ದನೆಯ ಕೋಲು. ಆ ಕಾಲಕ್ಕೆ ಅದರ ತಲೆ ಗಟ್ಟಿ ಮರದ್ದು. ಬೀಸಿದ ರಭಸಕ್ಕೆ ತಲೆಯೇ ಕಳಚಿ ನೂರು ಗಜ ಹಾರಿಹೋಯಿತು. ಚೆಂಡು ಇದ್ದಲ್ಲೇ ಇತ್ತು. ಜನ ಏನಾಯಿತೆಂದು ನೋಡುತ್ತಿದ್ದರೆ, ಕೆಂಪಯ್ಯ ಓಡಿಹೋಗಿ ಆ ತಲೆಯ ಪಕ್ಕ ನಿಂತು, ಮುಖದಲ್ಲಿ ಒಂದಿಷ್ಟೂ ನಗೆಯಿಲ್ಲದೆ ಕೂಗಿದನಂತೆ: "ಸಾರ್, ಎರಡನೇ ಹೊಡೆತ ಇಲ್ಲಿಂದ್ಲಾ?"

ಆ ತಲೆ ಗೋಣಿಚೀಲದಲ್ಲಿ ರೈಲು ಹತ್ತಿ ನಮ್ಮ ಕಾರ್ಖಾನೆಗೆ ಬಂತು. ನಾನು ಅದನ್ನು ಕೋಲಿಗೆ ಮತ್ತೆ ಕೂರಿಸಿ, ಕತ್ತಿನ ಸುತ್ತ ರಾಮನಗರದ ಹುರಿ ರೇಷ್ಮೆಯನ್ನು ಬಿಗಿಯಾಗಿ ಸುತ್ತಿ ಕಳಿಸಿದೆ. ನೈಲಾನ್ ದಾರಕ್ಕಿಂತ ರೇಷ್ಮೆಯ ಹಿಡಿತ ಚೆನ್ನಾಗಿದೆ ಎಂದು ಆಟಗಾರ ಮೆಚ್ಚಿದನಂತೆ. ಅಲ್ಲಿಂದ ಮುಂದೆ ತಿಂಗಳಿಗೆ ನಾಲ್ಕೈದು ಕೋಲುಗಳು ಬರತೊಡಗಿದವು. ನನಗೆ ಹೆಮ್ಮೆ ಹತ್ತಿತು.

ನಾನು ಹೇಳಬೇಕಾದ ತಪ್ಪು ಆ ಮುಂದಿನ ಬೇಸಿಗೆಯದು. ಕೆಂಪಯ್ಯ ಒಂದು ಡ್ರೈವರ್ ತಂದುಕೊಟ್ಟ. ಅದು ಕನಕಪುರದ ಕಡೆಯ ರುದ್ರೇಶ ಎಂಬ ಕಾಲೇಜು ಹುಡುಗನದು. ಅವನ ತಂದೆ ಬೋರೇಗೌಡರು ಹಿಪ್ಪುನೇರಳೆ ಬೆಳೆದು ಹುಳು ಸಾಕುತ್ತಿದ್ದವರು. ಎರಡು ಬೆಳೆ ಚೆನ್ನಾಗಿ ಕೈಹತ್ತಿದ ಸಂತೋಷಕ್ಕೆ ಮಗನಿಗೆ ಯಾರೋ ಆಡಿಬಿಟ್ಟ ಹಳೆಯ ಗಾಲ್ಫ್ ಸೆಟ್ ಕೊಡಿಸಿದ್ದರು. ಡ್ರೈವರ್ ತಲೆಯಲ್ಲಿ ಚೆಂಡಿಗೆ ತಾಗುವ ಜಾಗಕ್ಕೆ ಕೆಂಪು ಫೈಬರಿನ ಒಂದು ತುಂಡು ಕೂರಿಸಿರುತ್ತಾರೆ. ಅದು ಬಿರುಕು ಬಿಟ್ಟಿತ್ತು.

"ಅಂತರ ಕಾಲೇಜು ಟೂರ್ನಮೆಂಟು, ಇನ್ನು ಹತ್ತೇ ದಿವ್ಸ ಐತೆ. ಹೊಸ ತುಂಡು ಹಾಕ್ಬೇಕು ಕಣ್ಲಾ ಮಾದೇವ," ಎಂದ ಕೆಂಪಯ್ಯ.

ಗಫಾರ್ ಸಾಹೇಬರು ಕೋಲನ್ನು ತಿರುಗಿಸಿ ನೋಡಿದರು. "ಗಮ್ ಹಾಕಿದ ಮೇಲೆ ಎರಡು ದಿನ ಮುಟ್ಟಬ್ಯಾಡ. ಅರ್ಜೆಂಟ್ ಮಾಡಿದ್ರೆ ಕೆಲಸ ಕೆಡ್ತದೆ, ಸಮ್ಜಾ?" ಎಂದರು.

ನಾನು ಕೋಲನ್ನು ಮೂಲೆಗೆ ಒರಗಿಸಿದೆ. ಅದೇ ವಾರ ರಾಮನಗರದಿಂದ ಬಾಬಿನ್‌ಗಳ ದೊಡ್ಡ ಆರ್ಡರ್ ಬಂತು. ಮರದ ಪುಡಿಯಲ್ಲಿ ಮುಳುಗಿದವನಿಗೆ ಕೋಲು ನೆನಪಾದದ್ದು ಕೆಂಪಯ್ಯ ಅದನ್ನು ಒಯ್ಯಲು ಬರುವ ದಿನ ಬೆಳಿಗ್ಗೆ. ಗಮ್ ಒಣಗಲು ಹೊತ್ತಿರಲಿಲ್ಲ. ನಾನು ಮಾಡಿದ್ದನ್ನು ಚನ್ನಪಟ್ಟಣದವನೊಬ್ಬ ಮಾತ್ರ ಮಾಡಬಲ್ಲ. ಬೊಂಬೆಗೆ ಹಚ್ಚುವ ಕೆಂಪು ಅರಗಿನ ಕಡ್ಡಿಯನ್ನು ಸ್ಟೌ ಮೇಲೆ ಕಾಯಿಸಿ ಬಿರುಕಿಗೆ ತುಂಬಿದೆ. ಮೇಲೂ ತೆಳ್ಳಗೆ ಎಳೆದು ತಾಳೆಗರಿಯಿಂದ ಉಜ್ಜಿದೆ. ಕೆಂಪಿನಲ್ಲಿ ಕೆಂಪು ಸೇರಿ ಬಿರುಕು ಮಾಯವಾಯಿತು. ಹೊಸ ತುಂಡಿಗಿಂತ ಚೆನ್ನಾಗಿ ಹೊಳೆಯಿತು.

"ಹೊಸ್ದೇ ಹಾಕಿದ್ದೀಯೇನ್ಲಾ?" ಎಂದ, ಒಯ್ಯಲು ಬಂದ ಕೆಂಪಯ್ಯ.

"ಹೊಸ್ದೇ. ತಕ್ಕೊಂಡೋಗು, ನಂಗೆ ಬಾಬಿನ್ ಇನ್ನೂ ಆಗಿಲ್ಲ."

ಟೂರ್ನಮೆಂಟ್ ನೋಡಲು ನಾನೂ ಹೋದೆ. ಬೋರೇಗೌಡರೂ ಬಂದಿದ್ದರು. ಬಿಳಿ ಪಂಚೆ ಎತ್ತಿಕಟ್ಟಿ, ಕೈಯನ್ನು ಹಣೆಗೆ ಅಡ್ಡ ಹಿಡಿದು ಆ ಹಸಿರನ್ನು ಉದ್ದಕ್ಕೂ ನೋಡಿದರು. "ಇಷ್ಟಗಲ ಹುಲ್ಲು ಬುಟ್ಕಂಡವ್ರೆ, ಒಂದು ಕುರಿನೂ ಕಟ್ಟಿಲ್ವಲ್ಲಪ್ಪ!"

"ನಂಗೂ ಅದೇ ಅನ್ಸಿದ್ದು ಗೌಡ್ರೇ," ಎಂದೆ.

"ಹೊಡ್ದು ಕಳ್ಕಳಾದು, ಆಮೇಲೆ ಹುಡ್ಕಾದು. ಇದ್ಕೆ ಕಾಲೇಜಿಗೆ ಬ್ಯಾರೆ ಹೋಗ್ಬೇಕಾ?"

ಕೆಂಪಯ್ಯ ಚೀಲ ಹೊತ್ತಿದ್ದ. ರುದ್ರೇಶ ಮೊದಲ ಹೊಡೆತ ಹೊಡೆದ. ಚೆಂಡು ಮೈದಾನದ ನಡುವೆ ನೇರವಾಗಿ ಹೋಗಿ ಬಿತ್ತು. ನಾವೆಲ್ಲ ಹತ್ತಿರ ಹೋಗಿ ನೋಡಿದರೆ ಬಿಳಿ ಚೆಂಡಿನ ಮೇಲೆ ಕಡಲೆಕಾಳಿನಷ್ಟು ಕೆಂಪು ಬೊಟ್ಟು.

ಎದುರಾಳಿಯ ಕ್ಯಾಡಿ ನಕ್ಕ. "ಏನ್ ಕೆಂಪಯ್ಯ, ಚೆಂಡಿಗೆ ಕುಂಕುಮ ಇಕ್ಕಿದ್ದೀಯ? ಕಬ್ಬಾಳಮ್ಮನ್ ಹರಕೆಯಾ?"

"ಹೂ ಕಣ್ಲಾ. ನಮ್ದು ಮುತ್ತೈದೆ ಚೆಂಡು."

ನೋಡಲು ಬಂದಿದ್ದ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಆದರೆ ಅದು ನನ್ನ ಅರಗೆಂದು ನನಗೆ ತಿಳಿದುಹೋಗಿತ್ತು. ಬೊಂಬೆ ನೆರಳಿನಲ್ಲಿ ಇರುವ ವಸ್ತು. ಏಪ್ರಿಲ್ ಬಿಸಿಲಿನಲ್ಲಿ ಬೆಳಗಿನಿಂದ ಕಾದ ಕೋಲಿನ ಮೇಲೆ ಅರಗು ಮೆತ್ತಗಾಗಿತ್ತು. ಎರಡನೇ ಕುಳಿಗೆ ಹೊಡೆದಾಗಲೂ ಬೊಟ್ಟು ಬಂತು. ಮೂರನೆಯದಕ್ಕೆ ಬೊಟ್ಟು ಹೋಗಿ ಉದ್ದನಾಮವೇ ಆಯಿತು. ಈ ಸಲ ಎದುರಾಳಿ ಕಾಲೇಜಿನ ಕೋಚ್ ನಗಲಿಲ್ಲ. ಚೆಂಡು ಹಿಡಿತಕ್ಕೆ ಬರಲೆಂದು ಕೋಲಿಗೆ ಅಂಟು ಬಳಿದಿದ್ದಾರೆ ಎಂದು ದೂರು ಕೊಟ್ಟರು.

ರೆಫರಿಯಾಗಿದ್ದವರು ಕೊಡೆ ಹಿಡಿದ ಒಬ್ಬ ನಿವೃತ್ತ ಗಣಿತ ಮೇಷ್ಟ್ರು. ಅವರು ಕೋಲಿನ ಮುಖಕ್ಕೆ ಹೆಬ್ಬೆರಳು ಒತ್ತಿ ತೆಗೆದರು. ಬೆರಳು ಕೆಂಪಾಯಿತು.

"ನನಗೆ ಒಂದೇ ವಿಷಯ ತಿಳಿಯಬೇಕು," ಎಂದರು. "ಇದು ರಿಪೇರಿ ಕೆಟ್ಟದ್ದಾದರೆ ಈ ಕೋಲನ್ನು ಪಕ್ಕಕ್ಕಿಟ್ಟು ಆಟ ಮುಂದುವರಿಸಲಿ. ಬೇಕೆಂದು ಬಳಿದದ್ದಾದರೆ ಹುಡುಗ ಆಟದಿಂದ ಹೊರಗೆ."

"ಹೊಸ ತುಂಡು ಹಾಕ್ಸೋಕೆ ಕೊಟ್ಟಿದ್ದೆ ಸಾರ್. ಹಿಂಗೇ ಬಂತು," ಎಂದ ರುದ್ರೇಶ.

ಕೆಂಪಯ್ಯನಿಗೆ ಚಿಂತೆಯೇ ಇರಲಿಲ್ಲ. "ಮಾಡ್ದೋನೇ ಇಲ್ಲೇ ಅವ್ನೆ ಸಾರ್. ಲೇ ಮಾದೇವ, ಬಾರ್ಲಾ ಇಲ್ಲಿ, ಹೇಳು."

ಎಲ್ಲರೂ ನನ್ನ ಕಡೆ ತಿರುಗಿದರು. ಒಂದೇ ಮಾತು ಸಾಕಿತ್ತು: ಬಿರುಕಿಗೆ ಅರಗು ತುಂಬಿದವನು ನಾನು. ಸಾಹೇಬರ ಕಾರ್ಖಾನೆಯ ಹೆಸರು ಕೆಡುತ್ತದೆ ಎಂದು ಬಾಯಿ ಬರಲಿಲ್ಲ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವಲ್ಲ. ಅಷ್ಟು ಜನರ ಮುಂದೆ ಸಣ್ಣವನಾಗಲು ನನಗೆ ಇಷ್ಟವಿರಲಿಲ್ಲ, ಅಷ್ಟೇ.

"ಹೊಸ ತುಂಡೇ ಸಾರ್, ಗಮ್ ಹಾಕಿ ಕೂರಿಸಿ ಕಳಿಸಿದ್ದೆ," ಎಂದೆ. "ಮೇಲಿನ ಈ ಕೆಂಪು ಏನೋ ನಂಗೆ ಗೊತ್ತಿಲ್ಲ."

ಕೆಂಪಯ್ಯ ನನ್ನನ್ನೇ ನೋಡಿದ. ಆಮೇಲೆ ರುದ್ರೇಶನನ್ನು ನೋಡಿದ. ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡು ರೆಫರಿಯ ಮುಂದೆ ನಿಂತ. "ನಾನೇ ಸಾರ್ ಬಳ್ದಿದ್ದು. ಒಸಿ ಮಿಂಚ್ಲಿ ಅಂತ. ಹುಡುಗ್ನಿಗೇನೂ ಗೊತ್ತಿಲ್ಲ, ಅವ್ನನ್ನ ಆಡಾಕ್ ಬುಡಿ."

ರುದ್ರೇಶನಿಗೆ ಆಟ ಉಳಿಯಿತು. ಕೆಂಪಯ್ಯ ಇನ್ನು ಆ ಮೈದಾನಕ್ಕೆ ಕಾಲಿಡಬಾರದು ಎಂದಾಯಿತು. ಅವನು ಚೀಲ ಇಳಿಸಿ, ಹುಡುಗನ ಕಿವಿಯ ಹತ್ತಿರ ಬಗ್ಗಿ, "ಮುಂದಿನ್ ಕುಳಿ ಎಡಕ್ಕೆ ವಾಲ್ತದೆ, ಜ್ಞಾಪಕ ಇಟ್ಕಳಿ," ಎಂದು ಹೇಳಿದ. ನನ್ನ ಪಕ್ಕದಲ್ಲೇ ಹಾದುಹೋಗುವಾಗ ಕೇಳಿದ್ದು ಒಂದೇ ಮಾತು.

"ಬಾಬಿನ್ ಆದ್ವೇನ್ಲಾ?"

ಡ್ರೈವರ್ ಇಲ್ಲದೆ, ಕ್ಯಾಡಿಯಿಲ್ಲದೆ, ಚೀಲವನ್ನು ತಾನೇ ಹೊತ್ತು ಆಡಿದ ರುದ್ರೇಶ ಎರಡು ಹೊಡೆತಗಳಿಂದ ಸೋತನೆಂದು ಆಮೇಲೆ ತಿಳಿಯಿತು. ನಾನು ಅದನ್ನು ನೋಡಲು ನಿಲ್ಲದೆ ರೈಲು ಹತ್ತಿದ್ದೆ.

ಮಾರನೆಯ ಬೆಳಿಗ್ಗೆ ಲೇತ್ ಹಾಕಿದೆ, ಕೈ ಓಡಲಿಲ್ಲ. ಗಫಾರ್ ಸಾಹೇಬರ ಮುಂದೆ ಹೋಗಿ ನಿಂತು ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. "ಅರಗು ಹಚ್ಚಿದ ಕೈಯೇ ಅರಗು ಕೀಳಬೇಕು. ಕೋಲು ಎಲ್ಲಿದೆ? ತಗೊಂಡು ಹೋಗು, ಅವರ ಕಣ್ಣೆದುರೇ ಕೆರೆದು ತೋರಿಸು. ಅಲ್ಲಿವರೆಗೆ ನನ್ನ ಲೇತ್ ಮುಟ್ಟಬ್ಯಾಡ," ಎಂದರು.

ಕೋಲು ಕನಕಪುರದ ಕಡೆ ರುದ್ರೇಶನ ಊರಿನಲ್ಲಿತ್ತು. ಬಸ್ ಹಿಡಿದು ಹೋದೆ. ಬೋರೇಗೌಡರು ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದರು. ನಾನು ಹೇಳುವುದನ್ನು ಕೊನೆಯವರೆಗೆ ಕೇಳಿ, ತಟ್ಟೆಯಿಂದ ಒಂದು ಸತ್ತ ಹುಳುವನ್ನು ಆರಿಸಿ ಎಸೆದರು. "ಹುಳಕ್ಕೆ ಸಪ್ಪೆ ರೋಗ ಬಂದ್ರೆ ಆವತ್ತೇ ಹೇಳ್ಬೇಕು ಕಣಪ್ಪ. ಮುಚ್ಚಿಟ್ರೆ ಪಕ್ಕದ್ ತಟ್ಟೆಗೂ ಹತ್ತದೆ." ರುದ್ರೇಶ ಒಳಗೆ ಹೋಗಿ ಕೋಲು ತಂದು ನನ್ನ ಕೈಗಿಟ್ಟ. "ಕೆಂಪಯ್ಯಣ್ಣನ್ನ ವಾಪಸ್ ಕರ್ಕೊಂಡ್ ಬನ್ನಿ ಸಾಕು," ಎಂದ.

ಮೈದಾನಕ್ಕೆ ಮೊದಲ ಸಲ ಹೋದಾಗ ಕಾವಲಿನವನು ಗೇಟಿನಿಂದಲೇ ಅಟ್ಟಿದ. ಎರಡನೇ ಸಲ ಮೇಷ್ಟ್ರು ಊರಿನಲ್ಲಿರಲಿಲ್ಲ. ಮೂರನೇ ಸಲ ಮೊದಲ ರೈಲಿಗೆ ಹೋಗಿ, ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಗೇಟಿನ ಎದುರಿನ ಕಲ್ಲಿನ ಮೇಲೆ ಕುಳಿತೆ. ಮಧ್ಯಾಹ್ನ ಕೊಡೆ ಕಾಣಿಸಿತು. ನಾನು ಎದ್ದು ಹೋಗಿ, ಅರಗು ತುಂಬಿದವನು ನಾನೇ ಎಂದು ಹೇಳಿ, ಚೀಲದಿಂದ ಉಳಿ ತೆಗೆದು ಅವರ ಎದುರೇ ಅರಗು ಕೆರೆದೆ. ಹಲ್ಲಿಯ ಬಾಲದಂಥ ಹಳೆಯ ಬಿರುಕು ಮೇಲೆದ್ದು ಬಂತು.

ಮೇಷ್ಟ್ರು ಕನ್ನಡಕ ಹಾಕಿಕೊಂಡು ನೋಡಿದರು. "ಅವತ್ತೇ ಏಕೆ ಹೇಳಲಿಲ್ಲ?"

"ಹೆದರಿಕೆ ಸಾರ್."

"ಕ್ಯಾಡಿಗೆ ಹೆದರಿಕೆ ಇರಲಿಲ್ಲವೇ?"

ಮೈದಾನದವರಿಂದ ಒಂದು ಪತ್ರ ಸಿದ್ಧವಾಗಲು ಮತ್ತೆ ಒಂದು ವಾರ ಹಿಡಿಯಿತು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಎಂಟು ಸಾಲು. ಕೆಂಪಯ್ಯ ಎಲ್ಲಿದ್ದಾನೆಂದು ವಿಚಾರಿಸಿದರೆ, ರಾಮನಗರದ ಒಂದು ಹುರಿ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದಾನೆ ಎಂದು ತಿಳಿಯಿತು.

ನಾನು ಒಳಗೆ ಹೋದಾಗ ಅವನು ಸಾಲಾಗಿ ತಿರುಗುತ್ತಿದ್ದ ಬಾಬಿನ್‌ಗಳ ನಡುವೆ ನಿಂತು ಕಡಿದ ಎಳೆಯನ್ನು ಗಂಟು ಹಾಕುತ್ತಿದ್ದ. ಬಾಬಿನ್‌ಗಳು ನಾನು ಕಡೆದವು. ನನ್ನ ಕೆಲಸವನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ.

"ಆದ್ವು ನೋಡ್ಲಾ ಬಾಬಿನ್," ಎಂದ, ಗಂಟಿನಿಂದ ಕಣ್ಣೆತ್ತದೆ.

ಪತ್ರ ಚಾಚಿದೆ. ಅವನು ಕೈ ಒರೆಸಿಕೊಂಡು ಅದನ್ನು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟ. "ನೀನೇ ಓದ್ಲಾ, ಓದ್ದೋನು. ಕನ್ನಡದಾಗೆ ಹೇಳು. ಜೋರಾಗಿ, ಯಂತ್ರ ಕೂಗ್ತಾವೆ."

ಅಕ್ಕಪಕ್ಕದ ಏಳೆಂಟು ಜನ ಕಿವಿಗೊಟ್ಟರು. ಮೊದಲೆರಡು ಸಾಲು ಹೇಳಿದೆ: ಕೆಂಪಯ್ಯನ ಮೇಲಿನ ನಿಷೇಧ ತೆಗೆಯಲಾಗಿದೆ, ಅವನು ಯಾವ ತಪ್ಪನ್ನೂ ಮಾಡಿಲ್ಲ. ಮೂರನೇ ಸಾಲು ನನ್ನ ಬಗ್ಗೆ. ಅಲ್ಲಿ ಇಂಗ್ಲಿಷ್ ಬಲ್ಲವರು ಯಾರೂ ಇರಲಿಲ್ಲ. ಆ ಸಾಲು ಹಾರಿಸಿ ನಾಲ್ಕನೆಯದಕ್ಕೆ ಹೋದರೆ ಕೇಳುವವರಿಲ್ಲ. ಕೆಂಪಯ್ಯನಿಗೆ ಕೆಲಸವಂತೂ ಸಿಕ್ಕೇ ಸಿಗುತ್ತಿತ್ತು. ನನ್ನ ಕಣ್ಣು ನಾಲ್ಕನೇ ಸಾಲಿಗೆ ಇಳಿದದ್ದೂ ನಿಜ. ಅದನ್ನು ಮತ್ತೆ ಮೇಲಕ್ಕೆ ಎಳೆದು ತಂದೆ. ಕೆಂಪಯ್ಯ ಟವೆಲ್ ಹಿಡಿದು ನಿಂತ ಹಾಗೆ ನಾನೂ ನಿಂತುಕೊಂಡು, ಗಂಟಲು ಹರಿಯುವಂತೆ ಕೂಗಿದೆ:

"ರಿಪೇರಿ ಮಾಡಿದ ಮಾದೇವ ಬಿರುಕನ್ನು ಅರಗಿನಿಂದ ಮುಚ್ಚಿ, ಕೇಳಿದಾಗ ಎಲ್ಲರ ಮುಂದೆ ಸುಳ್ಳು ಹೇಳಿದ!"

ಸಾಲಿನ ನಡುವೆ ಕರೆಂಟ್ ಹೋಯಿತು. ಯಂತ್ರಗಳೆಲ್ಲ ಒಮ್ಮೆಲೇ ನಿಂತವು. "ಸುಳ್ಳು ಹೇಳಿದ" ಎಂಬ ನನ್ನ ಕೂಗು ತಗಡಿನ ಸೂರಿಗೆ ಬಡಿಯಿತು; ಆಚೆ ಬೀದಿಯಲ್ಲಿ ರೇಷ್ಮೆಗೂಡಿನ ಮೂಟೆ ಇಳಿಸುತ್ತಿದ್ದವರೂ ಒಳಗೆ ಇಣುಕಿದರು.

ಕೆಂಪಯ್ಯ ನಕ್ಕ.

"ಇನ್ನೊಂದ್ ಸಲ ಓದ್ಲಾ," ಎಂದ. "ಈಗ ಚೆನ್ನಾಗ್ ಕೇಳುಸ್ತದೆ."

ಇನ್ನೊಂದು ಸಲ ಓದಿದೆ, ಮೊದಲ ಸಾಲಿನಿಂದ ಎಂಟನೆಯದರವರೆಗೆ.

ಅವನು ಮೈದಾನಕ್ಕೆ ಮರಳಿದ. ಮುಂದಿನ ವರ್ಷದ ಕಾಲೇಜು ಟೂರ್ನಮೆಂಟಿನಲ್ಲಿ ರುದ್ರೇಶನ ಚೀಲ ಹೊತ್ತವನು ಅವನೇ. ನನ್ನ ಹತ್ತಿರ ಕೋಲುಗಳನ್ನು ತರುವುದನ್ನೂ ಬಿಡಲಿಲ್ಲ. ಆದರೆ ರಿಪೇರಿಯಾದ ಕೋಲನ್ನು ಒಯ್ಯುವ ಮುಂಚೆ ಕಾರ್ಖಾನೆಯ ಅಂಗಳದ ಬಿಸಿಲಿನಲ್ಲಿ ಅದನ್ನು ಮುಖ ಮೇಲೆ ಮಾಡಿ ಇಡುತ್ತಿದ್ದ. ಒಂದು ಬೀಡಿ ಸೇದಿ ಮುಗಿಸುತ್ತಿದ್ದ. ಆಮೇಲೆ ಬಿಳಿ ಟವೆಲಿನ ತುದಿಯಿಂದ ಕೋಲಿನ ಮುಖ ಒರೆಸಿ, ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಮರದ ತಲೆಗಳು ಹೋಗಿ ಲೋಹದ ತಲೆಗಳು ಬಂದು ನಮ್ಮ ಆ ಕೆಲಸವೇ ನಿಂತುಹೋಗುವ ತನಕ, ಒಂದು ಕೋಲನ್ನೂ ಬಿಡದೆ ಹೀಗೆ ನೋಡಿದ. ಅವನು ಬೀಡಿ ಸೇದುವಷ್ಟು ಹೊತ್ತು ನಾನೂ ಆ ಬಿಸಿಲಿನಲ್ಲಿ ಅವನ ಪಕ್ಕ ನಿಲ್ಲುತ್ತಿದ್ದೆ. ನೆರಳಿಗೆ ಹೋಗು ಎಂದು ಅವನು ಹೇಳಲಿಲ್ಲ, ನಾನೂ ಹೋಗಲಿಲ್ಲ.

ಕೆಲಸ ನನಗೆ ಕಲಿಸಿದ್ದು ಅಷ್ಟೇ. ಮಾಡಿದ ವಸ್ತುವನ್ನು ಕೊಡುವ ಮುಂಚೆ ಬಿಸಿಲಿಗೆ ಇಡಬೇಕು, ಪಕ್ಕದಲ್ಲಿ ನಾವೂ ನಿಲ್ಲಬೇಕು. ಈಗ ವಯಸ್ಸಾಗಿದೆ, ಕೈ ನಡುಗುತ್ತದೆ, ಬುಗುರಿಯೊಂದನ್ನು ಕಡೆದರೆ ಹೆಚ್ಚು. ಅದನ್ನೂ ಅಂಗಳದಲ್ಲಿಟ್ಟು, ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿಯೇ ಕೊಡುತ್ತೇನೆ.